ಬಂದವರನ್ನಷ್ಟೇ ಕೇಳಿದರೆ ಸಾಕಾ?

ಕರ್ನಾಟಕದಲ್ಲಿ ಆಯೋಗ ಅಂದರೆ ಸರ್ಕಾರದ ಒಂದು ಆದೇಶ. ನಿವೃತ್ತ ನ್ಯಾಯಮೂರ್ತಿಗಳನ್ನೋ ಹಿರಿಯ ವಕೀಲರನ್ನೋ ಅಧ್ಯಕ್ಷರನ್ನಾಗಿ ಮಾಡುತ್ತಾರೆ, ಜನ ಆಮೇಲೆ ಮನವಿ ಪತ್ರ ಹಿಡಿದು ಹೋಗುತ್ತಾರೆ. ನಾನಿರುವ ನ್ಯೂಯಾರ್ಕ್ ನಗರದಲ್ಲಿ ಜನಾಂಗೀಯ ಸಮಾನತೆ ಆಯೋಗ ಹುಟ್ಟಿದ್ದು ಬೇರೆ ಥರ. ಅದು ಬೇಕೋ ಬೇಡವೋ ಅಂತ ಊರಿನ ಜನರೇ ವೋಟು ಹಾಕಿ ತೀರ್ಮಾನ ಮಾಡಿದರು. ಇದು ನನಗೆ ತುಂಬಾ ಹಿಡಿಸಿದೆ. ಆದರೆ ಇಲ್ಲಿಯವರು ನಮ್ಮವರಿಂದ ಕಲಿಯಬೇಕಾದದ್ದೂ ಒಂದಿದೆ.

2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಇಲ್ಲೂ ಜನ ಬೀದಿಗಿಳಿದರು. ಮರುವರ್ಷ ಮಾರ್ಚ್‌ನಲ್ಲಿ ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೊ 11 ಜನರ ಒಂದು ಸಮಿತಿ ಮಾಡಿದರು. ಜೆನ್ನಿಫರ್ ಜೋನ್ಸ್ ಆಸ್ಟಿನ್ ಅದರ ಅಧ್ಯಕ್ಷೆ. ನಗರದ ಮೂಲ ಕಾನೂನಾದ ಚಾರ್ಟರ್‌ಗೇ ತಿದ್ದುಪಡಿ ಸೂಚಿಸುವ ಅಧಿಕಾರ ಆ ಸಮಿತಿಗೆ ಇತ್ತು. ಅವರು ಊರಿನ ಐದೂ ಭಾಗಗಳಲ್ಲಿ ಅಹವಾಲು ಕೇಳಿದರು. ಆಮೇಲೆ ಮೂರು ಪ್ರಶ್ನೆಗಳನ್ನು ಜನರ ಮುಂದಿಟ್ಟರು.

2022ರ ನವೆಂಬರ್ ಚುನಾವಣೆಯಲ್ಲಿ ಆ ಪ್ರಶ್ನೆಗಳು ಮತಪತ್ರದ ಹಿಂಬದಿಯಲ್ಲಿದ್ದವು. ಮುಂದೆ ಗವರ್ನರ್ ಹೆಸರು, ಹಿಂದೆ ಈ ಪ್ರಶ್ನೆ. ಹಾಳೆ ತಿರುಗಿಸಿ ನೋಡಿ ಅಂತ ಪ್ರಚಾರವನ್ನೇ ಮಾಡಬೇಕಾಯಿತು. ಸಮಾನತೆಗೆ ಒಂದು ಕಚೇರಿ, ಎರಡು ವರ್ಷಕ್ಕೊಮ್ಮೆ ಒಂದು ಯೋಜನೆ, ಅದರ ಮೇಲೆ ಕಣ್ಣಿಡಲು 15 ಜನರ ಆಯೋಗ ಬೇಕಾ ಅನ್ನುವುದು ಎರಡನೆಯ ಪ್ರಶ್ನೆ. ಉತ್ತರ ಕೊಟ್ಟವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಬೇಕು ಅಂದರು. ಈ ಊರಲ್ಲಿ ಮರ್ಯಾದೆಯಿಂದ ಬದುಕಲು ನಿಜಕ್ಕೂ ಎಷ್ಟು ಖರ್ಚಾಗುತ್ತೆ ಅಂತ ಪ್ರತಿ ವರ್ಷ ಲೆಕ್ಕ ಹಾಕಬೇಕು ಅನ್ನುವ ಮೂರನೆಯದಕ್ಕೆ ಇನ್ನೂ ಜಾಸ್ತಿ ಬೆಂಬಲ ಸಿಕ್ಕಿತು.

ಜನರೇ ಹುಟ್ಟಿಸಿದ ಆಯೋಗವನ್ನು ಮುಂದಿನ ಮೇಯರ್ ಸುಮ್ನೆ ಮುಚ್ಚಿಹಾಕಲು ಆಗುವುದಿಲ್ಲ. ಹಾಗಂತ ಕೆಲಸ ತಾನಾಗಿ ನಡೆಯುತ್ತದೆ ಅಂತಲೂ ಅಲ್ಲ. ಮೊದಲ ಕರಡು ಯೋಜನೆ 2024ರ ಆರಂಭದಲ್ಲಿ ಬರಬೇಕಿತ್ತು. ಗಡುವು ದಾಟಿದರೂ ಬರಲಿಲ್ಲ. ಆದರೆ ಗಡುವು ಕಾನೂನಿನಲ್ಲೇ ಇದ್ದದ್ದರಿಂದ ಯಾಕೆ ಬರಲಿಲ್ಲ ಅಂತ ಗಟ್ಟಿಯಾಗಿ ಕೇಳಲು ಜನರಿಗೆ ಆಧಾರ ಇತ್ತು. ನಮ್ಮಲ್ಲಿ 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಜಾತಿ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದೇ 2024ರ ಫೆಬ್ರವರಿಯಲ್ಲಿ. ಮರುವರ್ಷ ಮತ್ತೆ ಹೊಸ ಸಮೀಕ್ಷೆ. ಉತ್ತರ ಕೊಟ್ಟ ಜನರ ಕೈಯಲ್ಲಿ ಆ ವರದಿಯನ್ನು ಹೊರಗೆ ತರಿಸುವ ಯಾವ ದಾರಿಯೂ ಇರಲಿಲ್ಲ. ಇದು ನನಗೆ ನೋವಿನ ವಿಷಯ.

ಆದರೆ ಕೇಳುವ ರೀತಿಯಲ್ಲಿ ನಮ್ಮವರೇ ಮುಂದೆ. ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಡುವ ಮುಂಚೆ ಹಳ್ಳಿ ಪಟ್ಟಣಗಳ ಸಾವಿರಾರು ಮನೆಗಳ ಸಮೀಕ್ಷೆ ಮಾಡಿಸಿತ್ತು. 2025ರ ಹೊಸ ಸಮೀಕ್ಷೆಗೆ ಮೊದಲು ಮೀಟರ್ ರೀಡರ್‌ಗಳು ಬಂದು ಮನೆಗಳಿಗೆ ಸ್ಟಿಕರ್ ಅಂಟಿಸಿದರು. ಆಮೇಲೆ ಮೇಷ್ಟ್ರುಗಳು, ಟೀಚರ್‌ಗಳು 60 ಪ್ರಶ್ನೆ ಹಿಡಿದು ಬಂದರು. ಜಾತಿ, ಜಮೀನು, ಓದು, ಸಾಲ, ಎಲ್ಲ ಕೇಳಿದರು. ನೆಟ್‌ವರ್ಕ್ ಸಿಗದೆ, ಮನೆ ಹುಡುಕಲಾಗದೆ ಎಷ್ಟೋ ಜನ ಪರದಾಡಿದರು. ಆದರೂ ಹೋದರು. ಮಾತಾಡಲು ಬಾರದವರ ಮನೆಯೂ ಲೆಕ್ಕಕ್ಕೆ ಬರುವುದು ಹೀಗೇ ಅಲ್ವಾ?

ಇಲ್ಲಿನ ಅಹವಾಲು ಸಭೆಯಲ್ಲಿ ಹೆಸರು ಬರೆಸಬೇಕು, ಸರದಿ ಕಾಯಬೇಕು, ಸಿಕ್ಕ ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಇಂಥ ಸಭೆಗೆ ಯಾರು ಬರುತ್ತಾರೆ? ಸಂಘ ಸಂಸ್ಥೆಗಳಲ್ಲಿ ಇರುವವರು, ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡುವವರು, ಆ ಹೊತ್ತಿಗೆ ಬಿಡುವಿರುವವರು. ಇದೇ ಸಮಿತಿ ಕೆಲಸ ಮಾಡುತ್ತಿದ್ದ ವರ್ಷ, 2021ರ ಸೆಪ್ಟೆಂಬರ್ 1ರ ರಾತ್ರಿ, ಐಡಾ ಚಂಡಮಾರುತದ ಉಳಿಕೆ ಮಳೆ ಸುರಿಯಿತು. ಊರಲ್ಲಿ 13 ಜನ ಸತ್ತರು. ಅವರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿ ನೀರು ನುಗ್ಗಿ ಸತ್ತವರು, ಹೆಚ್ಚಿನವರು ಊರಿನ ಐದು ಭಾಗಗಳಲ್ಲಿ ಒಂದಾದ ಕ್ವೀನ್ಸ್‌ನಲ್ಲಿ. ಏಷ್ಯಾದಿಂದ, ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳೂ ಅವುಗಳಲ್ಲಿದ್ದವು. ಇಂಥ ಎಷ್ಟೋ ಮನೆಗಳು ನಗರದ ದಾಖಲೆಯಲ್ಲೇ ಇಲ್ಲ. ಅಲ್ಲಿ ಬಾಡಿಗೆಗಿರುವವರು ಮನೆ ಹೋದೀತು ಅನ್ನುವ ಭಯಕ್ಕೇ ದೂರು ಕೊಡುವುದಿಲ್ಲ. ಅವರು ಮೈಕ್ ಮುಂದೆ ಬಂದು ಹೇಳಲಿ ಅಂತ ಕಾಯುವುದು ನ್ಯಾಯವಲ್ಲ. ಅವರ ಭಾಷೆ ಬಲ್ಲ ಒಬ್ಬರು ಮೆಟ್ಟಿಲಿಳಿದು ಹೋಗಬೇಕು.

ಇನ್ನೊಂದು ತೊಂದರೆ ನಮ್ಮಂಥವರದ್ದು. ಎಷ್ಟೋ ಅರ್ಜಿಗಳಲ್ಲಿ ನಮಗೆಲ್ಲ ಏಷ್ಯನ್ ಅನ್ನುವ ಒಂದೇ ಚೌಕ. ಸಾಫ್ಟ್‌ವೇರ್ ಕೆಲಸದ ಕನ್ನಡಿಗರೂ ಅದರಲ್ಲೇ, ರಾತ್ರಿಯಿಡೀ ಟ್ಯಾಕ್ಸಿ ಓಡಿಸುವ ಬಾಂಗ್ಲಾದೇಶದವರೂ ಅದರಲ್ಲೇ. ನಮ್ಮ ಸಂಬಳ ಅವರ ಕಷ್ಟವನ್ನು ಲೆಕ್ಕದಲ್ಲಿ ಮುಚ್ಚಿಬಿಡುತ್ತದೆ. ಒಂದೊಂದು ಜಾತಿಯೊಳಗಿನ ಪಂಗಡವನ್ನೂ ಬಿಡಿಸಿ ಬರೆಯುವ ಸಮೀಕ್ಷೆ ನೋಡಿರುವ ನಮಗೆ ಈ ಕೊರತೆ ಬೇಗ ಗೊತ್ತಾಗುತ್ತದೆ. ಹಾಗಾಗಿ ಇದನ್ನು ಹೇಳಬೇಕಾದವರೂ ನಾವೇ.

ವೀಸಾ, ಗ್ರೀನ್ ಕಾರ್ಡ್‌ನಲ್ಲಿ ಇರುವವರಿಗೆ ಇಲ್ಲಿ ವೋಟಿಲ್ಲ. ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಇರುವವರಿಗೆ ನಗರದ ಚುನಾವಣೆಯಲ್ಲಿ ವೋಟು ಕೊಡುವ ಕಾನೂನನ್ನು 2025ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ತಳ್ಳಿಹಾಕಿತು. ಆದರೆ ಸಾರ್ವಜನಿಕ ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ, ಬರೆದೂ ಕಳಿಸಬಹುದು. ಯುಗಾದಿಗೆ, ರಾಜ್ಯೋತ್ಸವಕ್ಕೆ ಹಾಲ್ ತುಂಬಾ ಸೇರುವ ನಮಗೆ ಒಂದು ಸಂಜೆ ಇದಕ್ಕೆ ಕೊಡುವುದು ಕಷ್ಟವಲ್ಲ. ಆಯೋಗದ ಮುಂದಿನ ಸಭೆಯಲ್ಲಿ ನಾನು ಕೇಳಬೇಕೆಂದಿರುವುದು ಎರಡೇ: ಏಷ್ಯನ್ ಅನ್ನುವ ಲೆಕ್ಕವನ್ನು ದೇಶ, ಭಾಷೆವಾರು ಬಿಡಿಸಿ ತೋರಿಸಿ, ನೆಲಮಾಳಿಗೆ ಮನೆಗಳಿಗೆ ನೀವೇ ಹೋಗಿ ಕೇಳಿ.