ಟೇಪ್ ಹಿಡಿದು ಅಳೆದವರು ಯಾರು?

ಹೋದ ವಾರ ಮಗಳು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೃತ್ತಿಕೆ ನಕ್ಷತ್ರಗಳ ಫೋಟೋ ಹಾಕಿದ್ದಳು. ಕೆಳಗೆ 'ಇಲ್ಲಿಂದ ಸುಮಾರು 440 ಬೆಳಕಿನ ವರ್ಷ ದೂರ' ಅಂತ ಬರೆದಿದ್ದಳು. (ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರ ಒಂದು ಬೆಳಕಿನ ವರ್ಷ.) ಎರಡೇ ನಿಮಿಷಕ್ಕೆ ನನ್ನ ಸೋದರಮಾವನ ಉತ್ತರ ಬಂತು: 'ಟೇಪ್ ಹಿಡಿದು ಅಳೆದವರು ಯಾರಮ್ಮ? ಲ್ಯಾಬಲ್ಲಿ ಮಾಡಿ ತೋರಿಸೋಕಾಗದ್ದು ಸೈನ್ಸ್ ಹೇಗಾಗುತ್ತೆ?'

ಮಾವ ಮನೆ ಕಟ್ಟಿಸುವ ಕಂಟ್ರಾಕ್ಟ್ ಮಾಡಿದವರು. ಜೇಬಲ್ಲಿ ಟೇಪ್ ಇಲ್ಲದೆ ಅವರನ್ನು ನೋಡಿದ ನೆನಪೇ ನನಗಿಲ್ಲ. ಹಾಗಾಗಿ ಪ್ರಶ್ನೆ ತಮಾಷೆಯದಲ್ಲ. ಭಾನುವಾರ ಮನೆಗೇ ಬಂದರು.

ತಾರಸಿ ಹತ್ತಿಸಿದೆ. ಪಕ್ಕದ ಸೈಟಿನಾಚೆ ಒಂದು ತೆಂಗಿನ ಮರ ಇದೆ. ಅದರ ಹಿಂದೆ ಬಹಳ ದೂರದಲ್ಲಿ ಮೊಬೈಲ್ ಟವರು. ನೀರಿನ ಟ್ಯಾಂಕ್ ಪಕ್ಕ ನಿಂತರೆ ಮರದ ಸುಳಿ ಟವರಿಗೆ ಸರಿಯಾಗಿ ಅಡ್ಡ ಬರುತ್ತದೆ. ಮೆಟ್ಟಿಲ ಕಡೆಗೆ 30 ಅಡಿ ನಡೆದರೆ ಸುಳಿ ಪಕ್ಕಕ್ಕೆ ಸರಿದಿರುತ್ತದೆ. ಎಷ್ಟು ಸರಿಯಿತು ಅಂತ ಮಗಳು ಜಾಮೆಟ್ರಿ ಬಾಕ್ಸಿನ ಕೋನಮಾಪಕದಲ್ಲಿ ನೋಡಿದಳು. ಸುಮಾರು 12 ಡಿಗ್ರಿ. ಲೆಕ್ಕ ಹಾಕಿದರೆ ಮರ 43 ಮೀಟರ್ ದೂರ. ಮಾವ ಕೆಳಗಿಳಿದು ಉದ್ದನೆಯ ಟೇಪ್ ಹಿಡಿದರು. 46 ಬಂತು. 'ನೋಡಿದ್ಯಾ? ಒಂದು ಮರಕ್ಕೇ ಹೀಗೆ, ಇನ್ನು ನಕ್ಷತ್ರ!' ಅಂದರು. ಕೋನ ಒಂದು ಡಿಗ್ರಿ ಆಚೀಚೆಯಾದರೆ ಉತ್ತರ ಮೂರು ನಾಲ್ಕು ಮೀಟರ್ ಬದಲಾಗುತ್ತದೆ ಅಂದೆ. ಅವರು ಒಪ್ಪಲಿಲ್ಲ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಪ್ರಾಕ್ಟಿಕಲ್ ಮಾಡಿಸಿದವನು ನಾನು. ಲೋಲಕದ ಪ್ರಯೋಗ ನೆನಪಿದೆಯಲ್ಲ? ದಾರ ಉದ್ದ ಮಾಡು, ಗಿಡ್ಡ ಮಾಡು, ಗುಂಡು ಬದಲಾಯಿಸು, 20 ಸಲ ತೂಗಲು ಎಷ್ಟು ಹೊತ್ತು ಹಿಡಿಯಿತು ಬರೆದುಕೋ. ಅನುಮಾನ ಬಂದರೆ ಮತ್ತೆ ಮಾಡು. ಪ್ರಯೋಗ ಅಂದರೆ ಹೀಗೆ ಕೈ ಹಾಕಿ ನೋಡುವ ಅವಕಾಶ. (ಅದರಿಂದ ಸಿಗಬೇಕಾದ ಗುರುತ್ವಾಕರ್ಷಣೆಯ ಉತ್ತರ 9.8 ಅಂತ ಮೊದಲೇ ಗೊತ್ತಿರೋದರಿಂದ ಹುಡುಗರು ರೀಡಿಂಗನ್ನು ಹಿಂದಿನಿಂದ ಮುಂದಕ್ಕೆ ಬರೆಯೋದೂ ಉಂಟು. ಲ್ಯಾಬಲ್ಲಿ ಆಯ್ತು ಅಂದ ಮಾತ್ರಕ್ಕೆ ಅದು ದೇವರ ಮಾತಲ್ಲ.)

ನಕ್ಷತ್ರವನ್ನು ಹತ್ತಿರಕ್ಕೆ ಎಳೆಯೋಕಾಗಲ್ಲ, ಪಕ್ಕಕ್ಕೆ ಸರಿಸೋಕಾಗಲ್ಲ. ಆದರೆ ಭೂಮಿ ನಮ್ಮನ್ನು ಹೊತ್ತುಕೊಂಡು ತಿರುಗುತ್ತದೆ. ಆರು ತಿಂಗಳಿಗೆ ಸುಮಾರು 30 ಕೋಟಿ ಕಿಲೋಮೀಟರ್ ಆಚೆ ನಿಂತಿರುತ್ತೇವೆ. ನಮ್ಮ ತಾರಸಿಯ 30 ಅಡಿಯ ಜಾಗದಲ್ಲಿ ಅದನ್ನಿಡಿ. ಉಳಿದದ್ದು ಅದೇ ಲೆಕ್ಕ. ನಾವು ಮಾಡಬೇಕಾದ್ದು ಒಂದೇ, ಕಾಯೋದು.

ಕಾದರೂ ಸಾಲದು ಅನ್ನೋದಕ್ಕೆ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜೇಮ್ಸ್ ಬ್ರಾಡ್ಲಿ ಕಥೆ ಸಾಕು. 1725ರ ಡಿಸೆಂಬರ್, ಲಂಡನ್ ಹತ್ತಿರದ ಕ್ಯೂ. ಸ್ನೇಹಿತ ಸ್ಯಾಮ್ಯುಯೆಲ್ ಮಾಲಿನ್ಯೂ ಮನೆಯ ಚಿಮಣಿಗೇ ಒಂದು ಉದ್ದನೆಯ ದೂರದರ್ಶಕ ಕಟ್ಟಿ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದ್ದರು. ನೆತ್ತಿಯ ಮೇಲೆ ಹಾದುಹೋಗುವ ಒಂದು ನಕ್ಷತ್ರ ವರ್ಷದಲ್ಲಿ ಎಷ್ಟು ಸರಿಯುತ್ತದೆ ಅಂತ ನೋಡೋದು ಅವರ ಆಸೆ. ನಕ್ಷತ್ರ ಸರಿಯಿತು! ಮಾರ್ಚ್ ಹೊತ್ತಿಗೆ ಸುಮಾರು 20 ಆರ್ಕ್‌ಸೆಕೆಂಡ್ ದಕ್ಷಿಣಕ್ಕೆ, ಸೆಪ್ಟೆಂಬರಿಗೆ ಅಷ್ಟೇ ಉತ್ತರಕ್ಕೆ. ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು. ಇನ್ನೇನು, ದೂರ ಸಿಕ್ಕಿತು ಅಂತ ಬೇರೆ ಯಾರಾದರೂ ಕುಣಿಯುತ್ತಿದ್ದರು. ಬ್ರಾಡ್ಲಿ ಕುಣಿಯಲಿಲ್ಲ. ದೂರದ ಕಾರಣಕ್ಕೆ ಸರಿಯೋದಾದರೆ ಯಾವ ತಿಂಗಳಲ್ಲಿ ಎತ್ತ ಸರಿಯಬೇಕು ಅಂತ ಲೆಕ್ಕ ಇದೆ. ಇದು ಅದಕ್ಕಿಂತ ಮೂರು ತಿಂಗಳು ಆಚೀಚೆ ಇತ್ತು.

ಲೋಲಕವಾಗಿದ್ದರೆ ದಾರ ಬದಲಾಯಿಸಿ ನೋಡಬಹುದಿತ್ತು. ಇಲ್ಲಿ ಬದಲಾಯಿಸೋಕೆ ಏನೂ ಇಲ್ಲ. ಅವರು ಬೇರೆ ಬೇರೆ ನಕ್ಷತ್ರಗಳನ್ನು ನೋಡುತ್ತಾ ಹೋದರು. ಇದು ನಿಜಕ್ಕೂ ದೂರದ ಗುರುತಾಗಿದ್ದರೆ ಹತ್ತಿರದ್ದು ಜಾಸ್ತಿ, ದೂರದ್ದು ಕಮ್ಮಿ ಸರಿಯಬೇಕು. ಆದರೆ ಎಲ್ಲವೂ ಒಂದೇ ನಿಯಮಕ್ಕೆ ಕಟ್ಟುಬಿದ್ದಂತೆ ಸರಿಯುತ್ತಿದ್ದವು. ಮಳೆ ನೆಟ್ಟಗೆ ಬೀಳುತ್ತಿದ್ದರೂ ಬಿರುಸಾಗಿ ನಡೆಯುವವರು ಕೊಡೆಯನ್ನು ಮುಂದಕ್ಕೆ ವಾಲಿಸುತ್ತಾರಲ್ಲ, ಹಾಗೆ. ಭೂಮಿ ಓಡುತ್ತಿರೋದರಿಂದ ನಕ್ಷತ್ರದ ಬೆಳಕು ಸ್ವಲ್ಪ ಓರೆಯಾಗಿ ಬಂದಂತೆ ಕಾಣುತ್ತದೆ. ಹುಡುಕಿದ್ದು ದೂರ, ಸಿಕ್ಕಿದ್ದು ಭೂಮಿ ಓಡುತ್ತಿದೆ ಅನ್ನೋದಕ್ಕೆ ಮೊದಲ ನೇರ ಸಾಕ್ಷಿ. ನನಗಂತೂ ಇದು ಎಷ್ಟೋ ಪ್ರಯೋಗಗಳಿಗಿಂತ ಶಿಸ್ತಿನ ಕೆಲಸ ಅನ್ನಿಸುತ್ತದೆ.

ನಿಜವಾದ ಉತ್ತರಕ್ಕೆ ಇನ್ನೂ ನೂರು ವರ್ಷ ಹಿಡಿಯಿತು. 1838ರಲ್ಲಿ ಫ್ರೆಡ್ರಿಕ್ ಬೆಸೆಲ್ ಅನ್ನುವ ಜರ್ಮನ್ ಖಗೋಳ ವಿಜ್ಞಾನಿ 61 ಸಿಗ್ನಿ ನಕ್ಷತ್ರದ ದೂರ ಪ್ರಕಟಿಸಿದರು. ಅವರಿಗೆ ಸಿಕ್ಕ ಕೋನ ಒಂದು ಆರ್ಕ್‌ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಸುಮಾರು 15 ಕಿಲೋಮೀಟರ್ ದೂರದಲ್ಲಿ ಇಟ್ಟ ಒಂದು ರೂಪಾಯಿ ನಾಣ್ಯ ಕಾಣುವಷ್ಟು! ಪಕ್ಕದಲ್ಲಿ ಕಾಣುವ ಎರಡು ಮಸುಕು ನಕ್ಷತ್ರಗಳನ್ನು ಟವರಿನ ಹಾಗೆ ಇಟ್ಟುಕೊಂಡು ವರ್ಷಕ್ಕೂ ಹೆಚ್ಚು ಕಾಲ ಅಳೆದಿದ್ದರು. ಅವರ ಲೆಕ್ಕದಲ್ಲಿ ದೂರ ಹತ್ತು ಬೆಳಕಿನ ವರ್ಷ ಚಿಲ್ಲರೆ. ಈಗಿನ ಲೆಕ್ಕ 11.4.

ಹಾಗಂತ ವೀಕ್ಷಣೆ ಎಡವೋದೇ ಇಲ್ಲ ಅಂತಲ್ಲ. ಮಗಳು ಫೋಟೋ ಹಾಕಿದ ಕೃತ್ತಿಕೆಯನ್ನೇ ನೋಡಿ. ನಕ್ಷತ್ರಗಳ ದೂರ ಅಳೆಯಲೆಂದೇ ಯುರೋಪಿನವರು 1989ರಲ್ಲಿ ಹಿಪ್ಪಾರ್ಕಸ್ ಉಪಗ್ರಹ ಹಾರಿಸಿದ್ದರು. ಕೃತ್ತಿಕೆಗೆ ಅದು ಕೊಟ್ಟ ದೂರ 390 ಬೆಳಕಿನ ವರ್ಷದ ಆಸುಪಾಸು. ನಕ್ಷತ್ರಗಳ ಬಣ್ಣ, ಹೊಳಪು ನೋಡಿ ಲೆಕ್ಕ ಹಾಕಿದವರಿಗೆ ಮಾತ್ರ 430ಕ್ಕಿಂತ ಕಮ್ಮಿ ಬರುತ್ತಲೇ ಇರಲಿಲ್ಲ. ಉಪಗ್ರಹ ತಪ್ಪೋ, ನಕ್ಷತ್ರಗಳ ಬಗ್ಗೆ ನಮಗೆ ಗೊತ್ತಿರೋದು ತಪ್ಪೋ? ವರ್ಷಗಟ್ಟಲೆ ಜಗಳ. ಹಬಲ್ ದೂರದರ್ಶಕದವರು ಬೇರೆ ರೀತಿ ಅಳೆದರು. 2014ರಲ್ಲಿ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದರು. ಆಮೇಲೆ ಗಾಯಾ ಉಪಗ್ರಹ ಅಳೆಯಿತು. ಎಲ್ಲವೂ ಬಂದು ನಿಂತಿದ್ದು 440ರ ಆಸುಪಾಸು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ದಾರಿಯಲ್ಲಿ ಹೋದವರು ಒಂದೇ ಮನೆ ಬಾಗಿಲಿಗೆ ಬಂದರೆ, ಅದು ಆ ಮನೆಯೇ ಇರಬೇಕು ಅಲ್ವಾ? ಟೇಪಿಲ್ಲದ ಕಡೆ ನಡೆಯುವ ತಪಾಸಣೆ ಇದು.

ಇದನ್ನೆಲ್ಲ ನಿನ್ನೆ ಮಾವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. 'ಹಾಗಾದ್ರೆ ಉಪಗ್ರಹವೂ ತಪ್ಪುತ್ತೆ ಅಂತ ಆಯ್ತು' ಅಂದರು. ಹೌದು ಮಾವ ಅಂದೆ. ಇವತ್ತು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಪಕ್ಕದ ಸೈಟಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಗೋಡೆ ನೋಡುವ ತೂಗುಗುಂಡು. ದಾರ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಮರ ನೋಡುತ್ತಿದ್ದರು.

'ಮರ ನಿಮ್ಮನೆ ಕಡೆ ವಾಲಿದೆ ಕಣೋ,' ಅಂದರು. 'ನೀವು ನೋಡಿದ್ದು ಸುಳಿ. ನಾನು ಟೇಪ್ ಹಿಡಿದದ್ದು ಬುಡಕ್ಕೆ.'