ಇನ್ನೊಂದ್ ಸಲ ಹೊಡಿ, ನೋಡೂಣು

ವಿಜಯಪುರದ ಯಾವ ಓಣಿಯಲ್ಲಾದರೂ ಮುಂಜಾನೆ ಒಂದು ಕಾರು ಚಾಲೂ ಆಗಲಿಲ್ಲ ಅನ್ನಿ, ಬಾನೆಟ್ ಏಳುವುದಕ್ಕಿಂತ ಮೊದಲು ಒಬ್ಬ ಕಾಕಾ ಏಳುತ್ತಾರೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಚಹಾ. ಸಪ್ಪಳ ಎಂಥದ್ದು ಬಂತು, ದೀಪ ಹತ್ತಿದವೋ ಇಲ್ಲವೋ, ಒಂದನ್ನೂ ಕೇಳುವುದಿಲ್ಲ. “ಇನ್ನೊಂದ್ ಸಲ ಸೆಲ್ಫ್ ಹೊಡಿ, ನೋಡೂಣು.” ಇವತ್ತೂ ಹಾಗೇ ಆಯಿತು. ಬಾಜೂ ಮನಿ ಹುಡುಗ ಹೊಡೆದ. ಟಿಕ್ ಟಿಕ್ ಟಿಕ್ ಟಿಕ್. “ಹಾಂ, ಬರಾಕತ್ತದ! ಇನ್ನೊಂದ್ ಸಲ!”

ಬರಾಕತ್ತಿಲ್ಲ ಕಾಕಾ, ಹೊಂಟದ.

ಬ್ಯಾಟರಿಗೆ ಸೊಲೆನಾಯ್ಡ್, ಅಂದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಎಳೆಯುವಷ್ಟು ಕಸುವಿದೆ, ಮೋಟಾರ್ ತಿರುಗಿಸುವಷ್ಟಿಲ್ಲ. ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಸಣ್ಣ ಕಾರಿನ ಸೆಲ್ಫ್ ಮೋಟಾರೂ ತಿರುಗುವಾಗ 100 ಆಂಪಿಯರ್ ಮೇಲೆಯೇ ಕುಡಿಯುತ್ತದೆ. ಒಂದೊಂದು ‘ಇನ್ನೊಂದ್ ಸಲ’ವೂ ಉಳಿದ ಜೀವವನ್ನು ಹೀರಿದ ಹಾಗೆ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಜಗಳವೇ ಇಲ್ಲ. ಗಾಡಿ ಸುಮ್ಮನೆ ನಿಂತಾಗ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದ ಬ್ಯಾಟರಿ, 12ರ ಕೆಳಗಿದ್ದರೆ ಉಪವಾಸ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಬಿದ್ದರೆ ಅದರ ಆಯುಷ್ಯ ಮುಗಿಯಿತು. ಆದರೆ ಹೊಸದು ತರುವ ಮುಂಚೆ ವೈರು ಕೂಡುವ ಟರ್ಮಿನಲ್ ನೋಡಿ. ಬಿಳಿ-ಹಸಿರು ಬೂಷ್ಟು ಕಟ್ಟಿದ್ದರೆ ಹತ್ತು ನಂಬರ್ ಪಾನಾ ತಗೊಂಡು ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಅಡಿಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಒರೆಸಿ, ಹಾಕುವಾಗ ಪ್ಲಸ್ ಮೊದಲು. ಕೈಯಲ್ಲಿ ಹಿಡಿದು ತಿರುಗಿಸಿದರೆ ಅಲುಗಬಾರದು. ಎಷ್ಟೋ ‘ಸತ್ತ’ ಬ್ಯಾಟರಿಗಳು ಇಷ್ಟಕ್ಕೇ ಎದ್ದು ಕೂಡುತ್ತವೆ. ನಮ್ಮ ಕಡೆ ಬ್ಯಾಟರಿ ಸಾಯುವುದು ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ. ಬೈಸಿಕೊಳ್ಳುವುದು ಮಾತ್ರ ಡಿಸೆಂಬರಿನ ಥಂಡಿ.

ಹೆಡ್‌ಲೈಟ್ ಜೋರಾಗಿದ್ದು ಒಂದೇ ಒಂದು ‘ಟಕ್’ ಬಂದರೆ ಅನುಮಾನ ಸೆಲ್ಫ್ ಮೋಟಾರಿನ ಮೇಲೆ. ಸೆಲ್ಫ್ ಗರಗರ ತಿರುಗಿಯೂ ಇಂಜಿನ್ ಹಿಡಿಯಲಿಲ್ಲವೆಂದರೆ ಬ್ಯಾಟರಿ ನಿರಪರಾಧಿ. ಆಗ ಕೀಲಿ ಆನ್ ಮಾಡಿ ಬಿಡಬೇಕು, ಸೆಲ್ಫ್ ಹೊಡೆಯಬಾರದು. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಝೂಂ’ ಅಂತ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಸಪ್ಪಳ ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್ ನೋಡಬೇಕು, ಆಮೇಲೆ ಪಂಪಿಗೆ ಕರೆಂಟ್ ಬಿಡುವ ರಿಲೇ, ಕೊನೆಗೆ ಪಂಪು.

ಕೇಳಬೇಕಾದರೆ ಎರಡು ಸೆಕೆಂಡ್ ಎಲ್ಲರೂ ಬಾಯಿ ಮುಚ್ಚಬೇಕಲ್ಲ! ಇದನ್ನೂ ಒಮ್ಮೆ ನೋಡಿಬಿಡೋಣ ಎಂದು ಹುಡುಗ ಕೀಲಿ ತಿರುಗಿಸಿದ. “ಪೆಟ್ರೋಲ್ ಅದ ಏನ?” ಅಂದರು ಕಾಕಾ. ಮತ್ತೊಮ್ಮೆ ತಿರುಗಿಸಿದ. “ಯಾಕ ಸುಮ್ನ ಕುಂತಿ? ಹೊಡಿ!” ಮೂರನೆಯ ಸಲ ಎಲ್ಲರೂ ಸನ್ನೆ ಮಾಡಿ ಕಾಕಾನ ಬಾಯಿ ಮುಚ್ಚಿಸಿದೆವು, ಚಹಾ ಸೊರ್ ಅಂದಿತು. ಪಿಸುಮಾತೂ ಆಚೆ ಗೋಡೆಗೆ ಕೇಳುವ ಗೋಳಗುಮ್ಮಟ ಕಟ್ಟಿದ ಊರಿದು.

ಆಮೇಲೆ ತಳ್ಳುವ ಪರ್ವ. ಕೀಲಿ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ಓಟ ಸಿಕ್ಕಾಗ ಬಿಡಬೇಕು. ಈ ಕಾರಿಗೆ ಕ್ಲಚ್ಚೇ ಇಲ್ಲ, ಆಟೋಮ್ಯಾಟಿಕ್. ಗಾಂಧಿ ಚೌಕದ ತನಕ ತಳ್ಳಿದರೂ ವ್ಯಾಯಾಮವೇ ಲಾಭ.

ಹಾಗಂತ ಕಾಕಾಗೆ ಪೂರ್ತಿ ಬೈಯಲೂ ಮನಸ್ಸಾಗುವುದಿಲ್ಲ. ಅವರು ಅಂಬಾಸಿಡರ್ ಕಾಲದವರು. ಅದರ ಪೆಟ್ರೋಲ್ ಪಂಪನ್ನು ಇಂಜಿನ್ನೇ ತಿರುಗಿಸುತ್ತಿತ್ತು. ಗಾಡಿ ನಾಲ್ಕು ದಿನ ನಿಂತರೆ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಣಗುತ್ತಿತ್ತು. ಅದು ತುಂಬಲು ಮತ್ತೆ ಮತ್ತೆ ಸೆಲ್ಫ್ ಹೊಡೆಯಲೇಬೇಕು. ಬ್ಯಾಟರಿ ಕೈಕೊಟ್ಟರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರಾಯಿತು. ಆಗ ಅವರ ಮಾತಿಗೆ ಬೆಲೆಯಿತ್ತು, ಗಾಡಿಯೂ ಕೇಳುತ್ತಿತ್ತು. ಈಗಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಪಾಪ, ಎಲ್ಲಿಗೆ ಕೈ ಹಾಕಬೇಕು?

ಕೊನೆಗೆ ಎದುರು ಮನೆಯ ಕಾರಿನಿಂದ ಜಂಪ್ ಕೊಟ್ಟದ್ದು. ಕೆಂಪು ವೈರು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಕೆಟ್ಟ ಗಾಡಿಯ ಇಂಜಿನ್ನಿನ ಬರಿ ಕಬ್ಬಿಣಕ್ಕೆ. ಬ್ಯಾಟರಿ ಹತ್ತಿರ ಕಿಡಿ ಹಾರಬಾರದು. ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಟರ್ಮಿನಲ್ಲಲ್ಲಿ 14 ವೋಲ್ಟ್ ಆಸುಪಾಸು ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ ಎಂದು ಲೆಕ್ಕ. ಅರ್ಧ ತಾಸಾದರೂ ಓಡಿಸಬೇಕು, ಬಂದ್ ಮಾಡಬಾರದು ಎಂದು ಹುಡುಗನಿಗೆ ಹೇಳಿ ನಾವೆಲ್ಲ ವೈರು ಸುತ್ತುತ್ತಿದ್ದೆವು.

“ಚಾಲೂ ಆತಲ್ಲ,” ಅಂದರು ಕಾಕಾ, “ಸುಮ್ನ ಪೆಟ್ರೋಲ್ ಯಾಕ ಸುಡ್ತಿ? ಬಂದ್ ಮಾಡು.”

ಹುಡುಗ ಹಿರಿಯರ ಮಾತು ಮೀರುವವನಲ್ಲ. ಬಂದ್ ಮಾಡಿದ.