ಹಾಲು ಉಕ್ಕುವ ಮೊದಲೇ ಹಾಡು ಮುಗಿದರೆ

ಮೊನ್ನೆ ಭಾನುವಾರ ಬೆಂಗಳೂರಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋದೆ. ಹತ್ತಿರ ಹತ್ತಿರ 260 ಕಿಲೋಮೀಟರ್. ನಾಮಕರಣ ಮುಗಿಸಿ ವಾಪಸ್ ಬಂದು, ಬಟ್ಟೆ ಒಗೆದು ಒಣಗಿಸಿದ್ದೂ ಆಯಿತು. ಸಿಟ್ಟು ಮಾತ್ರ ಇನ್ನೂ ಒಣಗಿಲ್ಲ.

ಪಕ್ಕದ ಕಿಟಕಿ ಸೀಟಿನಲ್ಲಿ ಒಬ್ಬರು ಹಿರಿಯರಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಚಕ್ಕುಲಿ ಡಬ್ಬಿ, ಡಬ್ಬಿಯ ಮೇಲೆ ಮೊಬೈಲು. ನೆಲಮಂಗಲ ದಾಟುವ ಮೊದಲೇ ರೀಲ್ಸ್ ಶುರು. ಇಯರ್‌ಫೋನ್ ಎಂಬ ವಸ್ತು ಅವರ ಬದುಕಿಗೆ ಬಂದೇ ಇಲ್ಲ.

ಜೋರಾಗಿ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಬಸ್ಸುಗಳಲ್ಲಿ ಅದನ್ನು ಸಹಿಸಿಕೊಳ್ಳುವುದು ಟಿಕೆಟ್ ದರದಲ್ಲೇ ಸೇರಿದೆ. ತಕರಾರು ಏನೆಂದರೆ, ಅವರ ಮೊಬೈಲಿನಲ್ಲಿ ಬರುತ್ತಿದ್ದದ್ದೆಲ್ಲ ಹಳೇ ಹಾಡು. ನನಗೆ ಪ್ರಾಣವಾದ ಹಾಡುಗಳು. ಒಂದನ್ನೂ ಅವರು ಪೂರ್ತಿ ಬಿಡಲಿಲ್ಲ.

ಪಲ್ಲವಿಯ ಮೊದಲ ಸಾಲು ಬರುತ್ತದೆ. ಅವರು ಕಣ್ಣು ಮುಚ್ಚಿ ತಲೆ ಆಡಿಸುತ್ತಾರೆ. ನಾನೂ ಒಳಗೊಳಗೇ ಆಡಿಸುತ್ತೇನೆ. ಎರಡನೇ ಸಾಲು. "ಆಹಾ" ಅನ್ನುತ್ತಾರೆ. ಇನ್ನೇನು ಕೊಳಲು ಬರಬೇಕು, ಆಗ ಹೆಬ್ಬೆರಳು ಏಳುತ್ತದೆ. ನಾನು ಆ ಬೆರಳನ್ನೇ ನೋಡುತ್ತಾ ಕೂತಿರುತ್ತೇನೆ. ಬೇಡ, ಬೇಡ. ಸರ್ರ್! ಮುಗಿಯಿತು. ಯಾರೋ ಹೆಂಗಸು ಬೆಣ್ಣೆ ದೋಸೆ ಹುಯ್ಯುತ್ತಿದ್ದಾಳೆ. ಸರ್ರ್! ಜ್ಯೋತಿಷಿಯೊಬ್ಬರು ಮಕರ ರಾಶಿಯವರನ್ನು ಹೆದರಿಸುತ್ತಿದ್ದಾರೆ. ಸರ್ರ್! ಒಂದು ಮಗು ಬೀಳುತ್ತದೆ, ಅದಕ್ಕೆ ಯಾರೋ ಗಂಡಸು ಉಸಿರುಗಟ್ಟಿ ನಗುತ್ತಾನೆ. ಆಮೇಲೆ ಮತ್ತೊಂದು ಹಾಡು, ಮತ್ತೆ ಮೊದಲ ಸಾಲು, ಮತ್ತೆ "ಆಹಾ", ಮತ್ತೆ ಬೆರಳು. ತುಮಕೂರಿನಿಂದ ಶಿರಾ ತನಕ ನಾನು ಲೆಕ್ಕ ಹಾಕಿದೆ. ಹತ್ತೊಂಬತ್ತು ಪಲ್ಲವಿ. ಚರಣ ಸೊನ್ನೆ.

ಇದು ಸೀನು ಬಂದು ಬಂದು ನಿಂತುಹೋದ ಹಾಗೆ. ಅದೂ ಹತ್ತೊಂಬತ್ತು ಸಲ.

ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕಬಾರದು ಅಂತ 2021ರಲ್ಲೇ ನಿಯಮ ಬಂದಿದೆ ಎಂಬುದು ನೆನಪಾಗಿ ಕಂಡಕ್ಟರ್‌ಗೆ ಸನ್ನೆ ಮಾಡಿದೆ. ಅವರು ಬಂದರು. ಬಗ್ಗಿ ನೋಡಿದರು. "ಅದೇ ಶಂಕರಣ್ಣಂದು ಈಗ ಹೋಯ್ತಲ್ಲ, ಇನ್ನೊಂದ್ಸಲ ಹಾಕಿ ಸಾರ್" ಅಂದರು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು.

ಕೊನೆಗೆ ನಾನೇ ಬಾಯಿಬಿಟ್ಟೆ. "ಸಾರ್, ಸ್ವಲ್ಪ..."

"ಯಾಕಮ್ಮಾ, ಹಳೇ ಹಾಡು ಇಷ್ಟ ಇಲ್ವಾ? ಈಗಿನ ಕಾಲದವರಿಗೆ ಇದೆಲ್ಲ ಎಲ್ಲಿ ಹಿಡಿಸುತ್ತೆ ಬಿಡಿ."

ನನಗೆ ಐವತ್ತೆರಡು. ಈಗಿನ ಕಾಲದವಳು ಅನ್ನಿಸಿಕೊಂಡ ಖುಷಿಯಲ್ಲಿ ಬೈಯಲು ಬಾಯಿ ಬರಲಿಲ್ಲ. ಒಂದು ಚಕ್ಕುಲಿ ಬೇರೆ ತೆಗೆದುಕೊಂಡೆ.

ಕಂಡಕ್ಟರ್ ಕೇಳಿದ್ದು "ಗೀತಾ" ಸಿನಿಮಾದ "ಜೊತೆಯಲಿ" ಹಾಡು. 1981ರ ಸಿನಿಮಾ. ಶಂಕರ್‌ನಾಗ್ ಹೀರೋ, ನಿರ್ದೇಶನವೂ ಅವರದೇ. ಇಳಯರಾಜಾ ಸಂಗೀತ, ಎಸ್ಪಿಬಿ ಮತ್ತು ಜಾನಕಿ ಹಾಡಿದ್ದು. ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ಹಾಡಿನಲ್ಲಿ ಇನ್ನಿಬ್ಬರು ಇದ್ದಾರೆ ಅಂತ ನನಗೆ ಮಾತ್ರ ಗೊತ್ತು. ಒಬ್ಬ ರಾವಣ, ಇನ್ನೊಬ್ಬರು ನಮ್ಮಮ್ಮ.

ನಮ್ಮ ಊರು ಭದ್ರಾ ನಾಲೆಯ ಬಯಲಲ್ಲಿ. ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಚೆನ್ನಾಗಿ ಹಿಡಿಯುತ್ತಿತ್ತು. ಅಣ್ಣ ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಟೇಪ್ ರೆಕಾರ್ಡರ್ ತಂದ. ಹೊಸ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಅಜ್ಜನ ಹರಿಕಥೆ ಕ್ಯಾಸೆಟ್ ಇತ್ತು. ಅಳಿಸಿಹೋಗದಿರಲಿ ಅಂತ ಅದರ ನೆತ್ತಿಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಕಿವಿ ಮುರಿದಿರುತ್ತಾರಲ್ಲ, ಅಣ್ಣ ಆ ತೂತಿಗೆ ಕಾಗದದ ಉಂಡೆ ತುರುಕಿದ. ಅಜ್ಜನಿಗೆ ಹೇಳಲಿಲ್ಲ.

ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕೆಂಪು ಗುಂಡಿ ಮತ್ತು ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಅದು ನನ್ನ ಕೆಲಸ. ಮನೆಗೆಲ್ಲ ಕರ್ಫ್ಯೂ. ಅಜ್ಜಿ ಕೆಮ್ಮು ಬಂದರೆ ಕೊಟ್ಟಿಗೆಗೆ ಹೋಗಿ ಕೆಮ್ಮಬೇಕು. ಕೋರಿಕೆ ಕಾರ್ಯಕ್ರಮದಲ್ಲಿ ಹೆಸರು ಓದುವುದೇ ಒಂದು ಪುರಾಣ. ಇಂಥ ಊರಿನಿಂದ ಪುಟ್ಟಿ, ಅವಳ ಅಣ್ಣ, ಅಣ್ಣನ ಗೆಳೆಯರು, ಮನೆಯವರೆಲ್ಲರೂ. ಅದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಒತ್ತಬೇಕು. ನಾನು ಗಾಬರಿಯಲ್ಲಿ ಅರ್ಧ ಕ್ಷಣ ತಡ ಮಾಡಿದೆ. ಹಾಗಾಗಿ ನಮ್ಮ ಕ್ಯಾಸೆಟ್ಟಿನಲ್ಲಿ ದಾಸರು "ಆಗ ರಾವಣನು" ಅನ್ನುತ್ತಾರೆ, ತಕ್ಷಣ ಎಸ್ಪಿಬಿ ಹಾಡಲು ಶುರು ಮಾಡುತ್ತಾರೆ.

ಪಲ್ಲವಿ ಸುಸೂತ್ರವಾಗಿ ಹೋಯಿತು. ಒಲೆಯ ಮೇಲೆ ಹಾಲು ಇಟ್ಟಿತ್ತು, ಅದನ್ನು ನೋಡಿಕೊಳ್ಳುವುದೂ ನನ್ನದೇ ಕೆಲಸ ಆಗಿತ್ತು ಅಂತ ನೆನಪಾಗಲಿಲ್ಲ. ಇನ್ನೇನು ಚರಣ ಶುರುವಾಗಬೇಕು, ಹಿತ್ತಲಿಂದ ಒಳಗೆ ಬಂದ ಅಮ್ಮ ಕೂಗಿದಳು: "ಹಾಲು ಉಕ್ತೈತೆ, ಎಲ್ಲಿ ಹಾಳಾಗ್ ಹೋದ್ಯೇ!" ಹಿಂದೆಯೇ ಇಕ್ಕಳ ಬಿದ್ದ ಸದ್ದು. ಅಣ್ಣ ನನ್ನ ತಲೆಗೆ ಮೊಟಕಿದ್ದೂ ರೆಕಾರ್ಡ್ ಆಗಿದೆ. ಜಾನಕಿಯಮ್ಮ ಇದ್ಯಾವುದಕ್ಕೂ ಜಗ್ಗದೆ ಹಾಡುತ್ತಲೇ ಹೋದರು.

ಎಷ್ಟೋ ವರ್ಷ ನಾವು ಕೇಳಿದ್ದು ಇದೇ ಹಾಡು. ಮನೆಯಲ್ಲಿ ಯಾರು ಗುನುಗಿದರೂ ಅಲ್ಲಿಗೆ ಬಂದಾಗ "ಹಾಲು ಉಕ್ತೈತೆ" ಸೇರಿಸಿಯೇ ಮುಂದೆ ಹೋಗುವುದು. 2007ರಲ್ಲಿ "ಚೀನಿ ಕಮ್" ಅಂತ ಹಿಂದಿ ಸಿನಿಮಾ ಬಂತಲ್ಲ, ಅದರಲ್ಲಿ ಇಳಯರಾಜಾ ಇದೇ ಟ್ಯೂನು ಮತ್ತೆ ಹಾಕಿದ್ದಾರೆ. ಆಫೀಸಿನಲ್ಲಿ ಒಬ್ಬಳು "ಎಂಥಾ ಹೊಸಾ ಟ್ಯೂನ್ ಅಲ್ವಾ" ಅಂದಾಗ ಜಗಳ ಆಡಿದೆ. ಸಾಕ್ಷಿಗೆ ರಾವಣನನ್ನು ಕರೆದುಕೊಂಡು ಹೋಗೋಣ ಅಂದರೆ ಅಷ್ಟು ಹೊತ್ತಿಗೆ ಕ್ಯಾಸೆಟ್ಟೇ ಇರಲಿಲ್ಲ.

ಎಲ್ಲಿ ಹೋಯಿತು ಅಂದರೆ, ಗದ್ದೆಗೆ. ಟೇಪ್ ರೆಕಾರ್ಡರ್ ಕೆಟ್ಟಮೇಲೆ ಅಣ್ಣ ಕ್ಯಾಸೆಟ್ಟಿನ ರೀಲು ಬಿಚ್ಚಿ, ಭತ್ತ ತೆನೆ ಒಡೆದಿದ್ದಾಗ ಬದುವಿಂದ ಬದುವಿಗೆ ಎಳೆದು ಕಟ್ಟಿದ. ಹಕ್ಕಿ ಬರದಿರಲಿ ಅಂತ. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಅನ್ನುತ್ತದೆ. ಆ ವರ್ಷ ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ ಅಂತ ಅಣ್ಣ ಈಗಲೂ ಹೇಳುತ್ತಾನೆ. ಹೆದರಿದ್ದು ರಾವಣನಿಗೋ ಅಮ್ಮನಿಗೋ ಎಂಬುದು ಮಾತ್ರ ಇತ್ಯರ್ಥ ಆಗಿಲ್ಲ.

ಅಮ್ಮ ಹೋಗಿ ಹದಿನಾಲ್ಕು ವರ್ಷ ಆಯಿತು. ಫೋಟೋ ಬೇಕಾದಷ್ಟಿವೆ. ಎಲ್ಲದರಲ್ಲೂ ಬಾಯಿ ಮುಚ್ಚಿ ಸೆರಗು ಹೊದ್ದು ನಿಂತಿದ್ದಾಳೆ, ಯಾರೋ ಬೇರೆಯವರ ಥರ. ಆ ದನಿ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

"ಪೂರ್ತಿ ಹಾಡು ಆನ್‌ಲೈನಲ್ಲಿ ಇದೆಯಲ್ಲಮ್ಮಾ, ಕೇಳ್ಕೋ" ಅನ್ನುತ್ತಾಳೆ ಮಗಳು. ಕೇಳಿದ್ದೇನೆ. ಬಹಳ ಸ್ವಚ್ಛವಾಗಿದೆ. ಹಾಲು ಉಕ್ಕುವುದೇ ಇಲ್ಲ. ಆದರೂ ಆ ಜಾಗ ಬಂದಾಗ ಒಂದು ಕ್ಷಣ ಕಿವಿ ನಿಮಿರುತ್ತದೆ. ಆ ಯಜಮಾನರ ಬೆರಳು ಪ್ರತಿ ಸಲ ಸರ್ರ್ ಅನ್ನುತ್ತಿದ್ದದ್ದು ಅದಕ್ಕೆ ಸ್ವಲ್ಪ ಮೊದಲೇ.

ಚಿತ್ರದುರ್ಗ, ಭರಮಸಾಗರ ದಾಟಿ ಬಸ್ಸು ಆನಗೋಡಿನ ಹತ್ತಿರ ಬಂತು. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಹೋದದ್ದು ಇಲ್ಲೇ. ಯಜಮಾನರು ಕಿಟಕಿಯಾಚೆ ನೋಡಿದರು. "ಇಲ್ಲೇ ಅಲ್ವಾ" ಅಂದರು, ನನಗಲ್ಲ, ಸುಮ್ನೆ. ಆಮೇಲೆ ಹುಡುಕಿ ಹುಡುಕಿ ಮತ್ತೆ ಆ ಹಾಡಿನ ರೀಲ್ ಹಾಕಿದರು. ಈ ಸಲ ಬೆರಳು ಏಳಲಿಲ್ಲ. ಕೈಕಟ್ಟಿ ಕೂತರು. ನಾನು ಉಸಿರು ಬಿಗಿಹಿಡಿದೆ. ಪಲ್ಲವಿ ಮುಗಿಯಿತು. ಈಗ ಬರುತ್ತದೆ, ಈಗ.

ಮತ್ತೆ ಪಲ್ಲವಿಯೇ ಬಂತು. ರೀಲ್ ಇದ್ದದ್ದೇ ಅಷ್ಟು, ಮುಗಿದ ಕೂಡಲೇ ಮೊದಲಿಂದ ಸುತ್ತುತ್ತದೆ. ದಾವಣಗೆರೆ ಬರುವ ತನಕ ಸುತ್ತುತ್ತಲೇ ಇತ್ತು.

ಇಳಿಯುವಾಗ ಅವರು ನನ್ನ ನಂಬರ್ ಕೇಳಿದರು. ಹಳೇ ಹಾಡು ಇಷ್ಟಪಡುವ ಈಗಿನವರು ಸಿಗುವುದೇ ಅಪರೂಪವಂತೆ. ಚಕ್ಕುಲಿ ತಿಂದ ಋಣ, ಕೊಟ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ಐದೂವರೆಗೆ ಶುಭೋದಯದ ಜೊತೆ ಹಾಡು ಬರುತ್ತಿವೆ. ಇವತ್ತು ಹನ್ನೊಂದು ಬಂದಿವೆ. ಒಂದರಲ್ಲೂ ಚರಣ ಇಲ್ಲ.